ಬರ್ಮಿಂಗ್‌ಹ್ಯಾಮಿನ ಪುರಾಧ್ಯಕ್ಷ ಜೋಸೆಫ್ ಚೇಂಬರ್ಲೇನ್

ಚೇಂಬರ್ಲೇನ್ ಎಂದೊಡನೆ ಇತಿಹಾಸ ಓದಿದವರಿಗೆ ನೆನಪಾಗುವುದು 1938ರಲ್ಲಿ ಹಿಟ್ಲರನೊಡನೆ ಮ್ಯೂನಿಕ್ ಒಪ್ಪಂದ ಮಾಡಿಕೊಂಡು ಬಂದ ನೆವಿಲ್. ಇಲ್ಲಿ ಹೇಳಹೊರಟಿರುವುದು ಆತನ ತಂದೆ ಜೋಸೆಫನ ಸಂಗತಿ. ಮುಂದೆ ಬ್ರಿಟನ್ನಿನ ಮಂತ್ರಿಯಾಗಿ ಈತ ಸಾಮ್ರಾಜ್ಯದ ಕಟ್ಟಾಳಾದ. ಬೋಯರ್ ಯುದ್ಧ ನಡೆದಾಗ ವಸಾಹತು ಖಾತೆ ಈತನದೇ. ಆ ಭಾಗವನ್ನು ಕೊಂಡಾಡಲು ಭಾರತೀಯರಾದ ನಮಗೆ ಕಾರಣವಿಲ್ಲ. ಅದಕ್ಕೂ ಮುಂಚಿನ ಪುರಸಭೆಯ ದಿನಗಳ ಮಾತು ಬೇರೆ.

1836ರ ಜುಲೈ 8ರಂದು ಲಂಡನ್ನಿನ ಕ್ಯಾಂಬರ್‌ವೆಲ್‌ನಲ್ಲಿ ಜನನ. ತಂದೆಗೆ ಪಾದರಕ್ಷೆಯ ವ್ಯಾಪಾರ. ಹುಡುಗ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಹದಿನೆಂಟನೆಯ ವಯಸ್ಸಿನಲ್ಲಿ, ತಂದೆ ಬಂಡವಾಳ ಹೂಡಿದ್ದ ಬಂಧುಗಳ ಸ್ಕ್ರೂ ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಳ್ಳಲು ಬರ್ಮಿಂಗ್‌ಹ್ಯಾಮಿಗೆ ಬಂದ. 1874ರಲ್ಲಿ, ಇನ್ನೂ ನಲ್ವತ್ತು ತುಂಬುವ ಮೊದಲೇ, ಸಾಕಷ್ಟು ಗಳಿಸಿ ವ್ಯಾಪಾರದಿಂದ ನಿವೃತ್ತನಾದ.

ಆ ಊರಿನ ಪುರಸಭೆಗೆ ಒಂದು ಹಳೆಯ ಚಾಳಿಯಿತ್ತು. 1850ರ ದಶಕದಲ್ಲಿ ಅಲ್ಲಿ ಮಿತವ್ಯಯದ ಪಕ್ಷದವರದೇ ದರಬಾರು. ಒಂದು ಹೆಂಡದಂಗಡಿಯಲ್ಲಿ ಕೂಡಿ ಮಾತಾಡಿಕೊಂಡು, ಸಭೆಗೆ ಬಂದು ರಸ್ತೆ, ಚರಂಡಿಗಳ ಖರ್ಚಿಗೆ ಕತ್ತರಿ ಹಾಕುತ್ತಿದ್ದರು. ತೆರಿಗೆ ಏರಲಿಲ್ಲ, ನಿಜ. ಕೊಳಚೆಯೂ ಕರಗಲಿಲ್ಲ.

1869ರಲ್ಲಿ ಸದಸ್ಯನಾದ ಚೇಂಬರ್ಲೇನ್ 1873ರ ನವೆಂಬರಿನಲ್ಲಿ ಅಧ್ಯಕ್ಷನಾದ. ಮೊದಲು ಕೈಹಾಕಿದ್ದು ಗ್ಯಾಸ್ ಕಂಪೆನಿಗಳಿಗೆ. ಬೀದಿದೀಪಕ್ಕೂ ಮನೆದೀಪಕ್ಕೂ ಗ್ಯಾಸ್ ಒದಗಿಸುತ್ತಿದ್ದ ಎರಡು ಖಾಸಗಿ ಕಂಪೆನಿಗಳನ್ನು ಪುರಸಭೆಯೇ ಕೊಂಡುಕೊಳ್ಳಬೇಕೆಂಬುದು ಆತನ ಸೂಚನೆ. ಬೆಲೆ ಹೆಚ್ಚು ಕಡಿಮೆ 20 ಲಕ್ಷ ಪೌಂಡು. ಆಗ ಊರಿನ ಮೇಲಿದ್ದ ಸಾಲ ಸುಮಾರು 5 ಲಕ್ಷ! ಇಂಥ ಲೆಕ್ಕ ಕೇಳಿದರೆ ಯಾವ ಸದಸ್ಯನ ಎದೆಯಾದರೂ ಧಸಕ್ಕೆನ್ನಬೇಕು. ಆದರೆ ಆತ ಸಾಲದ ಬಡ್ಡಿ, ಆಡಳಿತದ ವೆಚ್ಚ, ಗ್ಯಾಸಿನ ಆದಾಯಗಳನ್ನು ಬಿಡಿಬಿಡಿಯಾಗಿ ತೆರೆದಿಟ್ಟ. 54 ಮತಗಳು ಪರವಾಗಿ, ಎರಡೇ ಎರಡು ವಿರುದ್ಧವಾಗಿ ಬಿದ್ದುವು. ಮೊದಲ ವರ್ಷವೇ 34 ಸಾವಿರ ಪೌಂಡಿಗೂ ಮಿಕ್ಕಿ ಲಾಭ ಬಂತು.

ಆಮೇಲೆ ನೀರು. ಊರಿನ ಸುಮಾರು ಅರ್ಧದಷ್ಟು ಜನ ಬಾವಿಗಳನ್ನೇ ನಂಬಿದ್ದರು. ಬಾವಿ ನೀರೆಂದರೆ ನಮ್ಮ ಕಡೆಯವರಿಗೆ ಹೊಲಸಿನ ಯೋಚನೆ ಬಾರದು. ಒತ್ತೊತ್ತಾದ ಮನೆಗಳ ನಡುವಿನ ಆ ಬಾವಿಗಳಿಗಾದರೋ ಚರಂಡಿ, ಪಾಯಿಖಾನೆಗಳ ನೀರು ಜಿನುಗುತ್ತಿತ್ತು. ಜಲ ಕಂಪೆನಿಗೆ 13.5 ಲಕ್ಷ ಪೌಂಡು ತೆತ್ತು, 1876ರ ಆರಂಭದಲ್ಲಿ ಪುರಸಭೆ ಅದನ್ನು ವಹಿಸಿಕೊಂಡಿತು. ಇಲ್ಲಿ ಆತನ ಲೆಕ್ಕ ಬೇರೆ. ಗ್ಯಾಸಿನಿಂದ ಬಂದ ಲಾಭ ಊರ ಬೊಕ್ಕಸಕ್ಕೆ. ನೀರಿನಿಂದ ಲಾಭ ಮಾಡಕೂಡದು, ಉಳಿತಾಯವಾದರೆ ನೀರಿನ ದರ ಇಳಿಯಬೇಕು. ಒಬ್ಬ ಕಾರ್ಖಾನೆ ಯಜಮಾನನಿಗೆ ಈ ಭೇದ ಹೊಳೆದದ್ದೇ ನನಗೆ ದೊಡ್ಡದಾಗಿ ಕಾಣುತ್ತದೆ.

ಈ ಗಲಾಟೆಯ ನಡುವೆ, 1875ರ ಫೆಬ್ರವರಿಯಲ್ಲಿ, ಆತನ ಎರಡನೆಯ ಹೆಂಡತಿ ಫ್ಲಾರೆನ್ಸ್ ಹೆರಿಗೆಯಲ್ಲಿ ತೀರಿಕೊಂಡಳು. ಮೊದಲ ಹೆಂಡತಿಯೂ 1863ರಲ್ಲಿ ಹಾಗೆಯೇ ಹೋಗಿದ್ದಳು. ನೆವಿಲನಿಗೆ ಆಗ ಐದು ವರ್ಷ.

ಮೂರನೆಯದು ಊರ ನಡುವಿನ ಕೊಳೆಗೇರಿಗಳ ನಿರ್ಮೂಲನೆ. 1875ರ ಕಾನೂನಿನ ಆಧಾರದಲ್ಲಿ ಹತ್ತಾರು ಎಕ್ರೆ ಜಾಗ ಕೊಂಡು, ಗುಡಿಸಲಿಗಿಂತ ಕಡೆಯಾದ ಮನೆಗಳನ್ನು ಕೆಡವಿ, 1878ರಿಂದ ಕಾರ್ಪೊರೇಷನ್ ಸ್ಟ್ರೀಟ್ ಎಂಬ ಅಗಲವಾದ ಬೀದಿಯನ್ನು ತೆರೆದರು. ಇಕ್ಕೆಲದ ನಿವೇಶನಗಳನ್ನು 75 ವರ್ಷದ ಗೇಣಿಗೆ ಕೊಟ್ಟರು. ಅವಧಿ ಮುಗಿದ ಮೇಲೆ ಎಲ್ಲವೂ ಊರಿನದೇ. ಜಾಣ ಏರ್ಪಾಡು. ಆದರೆ ಆ ಬೀದಿಯಲ್ಲಿ ಮೇಲೆದ್ದುವು ದೊಡ್ಡ ದೊಡ್ಡ ಅಂಗಡಿಗಳು. ಮನೆ ಕಳೆದುಕೊಂಡ ಕೂಲಿಕಾರರಿಗೆ ಬದಲಿ ಮನೆ ಕಟ್ಟಿಸುವ ಮಾತು ಬಂದಾಗ ಮಾತ್ರ ಪುರಸಭೆಯ ಕೈ ಬಿಗಿಯಾಯಿತು. ಕೆಲವೇ ಮನೆಗಳು ಎದ್ದುದು 1890ರ ಸುಮಾರಿಗೆ. ಅಷ್ಟರಲ್ಲಿ ಆ ಬಡವರು ಪಕ್ಕದ ಕೇರಿಗಳಲ್ಲಿ ಇನ್ನಷ್ಟು ಇಕ್ಕಟ್ಟಿನಲ್ಲಿ ಸೇರಿಕೊಂಡಿದ್ದರು. ಕೊಳೆಗೇರಿಯ ಹೆಸರಿನಲ್ಲಿ ಎತ್ತಿದ ಸಾಲ ಅಂಗಡಿಬೀದಿಗೆ ಸಂದಿತೆಂಬ ಆಕ್ಷೇಪ ಉಳಿದೇ ಉಳಿಯಿತು. ಅದನ್ನು ಅಲ್ಲಗಳೆಯುವುದು ಕಷ್ಟ.

1876ರ ಜೂನಿನಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾಗಿ ಅಧ್ಯಕ್ಷಸ್ಥಾನ ಬಿಟ್ಟ. ಗ್ಯಾಸಿನ ಲಾಭದಿಂದ ಕಟ್ಟಿದ ಚಿತ್ರಶಾಲೆ 1885ರಲ್ಲಿ ಗ್ಯಾಸ್ ಕಚೇರಿಯ ಮಾಳಿಗೆಯ ಮೇಲೆಯೇ ತೆರೆಯಿತು. ಬರ್ಮಿಂಗ್‌ಹ್ಯಾಮಿಗೆ ನಗರವೆಂಬ ಪದವಿ ದೊರೆತದ್ದು 1889ರಲ್ಲಿ. 1906ರಲ್ಲಿ ಪಾರ್ಶ್ವವಾಯು ಬಡಿದು, ಎಂಟು ವರ್ಷ ನರಳಿ, 1914ರ ಜುಲೈ 2ರಂದು ಚೇಂಬರ್ಲೇನ್ ತೀರಿಕೊಂಡ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿ ಮಾಡುವ ಸಲಹೆ ಬಂದರೂ ಮನೆಯವರು ಒಪ್ಪದೆ, ಬರ್ಮಿಂಗ್‌ಹ್ಯಾಮಿನ ಸ್ಮಶಾನದಲ್ಲೇ ಮಣ್ಣುಮಾಡಿದರು.