ಒಲೆಗೆ ಹೋಗೋ ಕಟ್ಟಿಗೆಯಲ್ಲಿ ನೆಂಟರನ್ನು ಕಂಡ ಅವನೀಂದ್ರನಾಥ ಟ್ಯಾಗೋರ್

ಭಾರತಮಾತೆಯ ಚಿತ್ರ ಬರೆದು ದೇಶಕ್ಕೆಲ್ಲ ಹೆಸರಾದ ಕಲಾವಿದ, ಇಳಿವಯಸ್ಸಲ್ಲಿ ಒಣ ಕಡ್ಡಿ, ಬೇರು, ಬಿದಿರಿನ ತುಂಡು ಆರಿಸ್ತಾ ಕೂತಿದ್ದರು ಅಂದ್ರೆ ನಂಬೋದು ಕಷ್ಟ. ಅವನೀಂದ್ರನಾಥ ಟ್ಯಾಗೋರ್ ಮಾಡಿದ್ದು ಅದನ್ನೇ.

ಅವರು ಹುಟ್ಟಿದ್ದು 1871ರ ಆಗಸ್ಟ್ 7ರಂದು, ಕಲ್ಕತ್ತಾದ ಜೋಡಾಸಾಂಕೋದಲ್ಲಿ. ಕವಿ ರವೀಂದ್ರನಾಥರು ಸಂಬಂಧದಲ್ಲಿ ಚಿಕ್ಕಪ್ಪ. ಪುಟ್ಟ ಮಗಳು ಪ್ಲೇಗ್‌ಗೆ ಬಲಿಯಾದಾಗ ಆ ಸಂಕಟವನ್ನೆಲ್ಲ ಶಹಜಹಾನನ ಕೊನೆಗಳಿಗೆಯ ಚಿತ್ರಕ್ಕೆ ಸುರಿದರು. 1905ರಲ್ಲಿ, ಬಂಗಾಳ ವಿಭಜನೆಯ ಹೊತ್ತಲ್ಲಿ ಬಂದಿದ್ದೇ ಭಾರತಮಾತೆ. ನಂದಲಾಲ್ ಬೋಸ್ ಅವರ ಶಿಷ್ಯರು. ನಮ್ಮ ಮೈಸೂರಿನ ಕೆ. ವೆಂಕಟಪ್ಪ ಕೂಡ ಕಲ್ಕತ್ತಾಕ್ಕೆ ಹೋಗಿ ಕಲಿತಿದ್ದು ಇವರ ಹತ್ತಿರವೇ.

ವಯಸ್ಸಾಗ್ತಾ ಬಂದಂತೆ ಅವರ ಕಣ್ಣು ನೆಲದ ಕಡೆ ಹೋಯ್ತು. ಮರದಿಂದ ಬಿದ್ದ ರೆಂಬೆ, ಯಾರಿಗೂ ಬೇಡವಾದ ಮರದ ಚೂರು ಎತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡೋರು. ಗಂಟಿದ್ದ ಕಡೆ ಕಣ್ಣು, ಕವಲಿದ್ದ ಕಡೆ ಕೊಕ್ಕು ಕಾಣೋದು. ಹಕ್ಕಿಯೋ ಪ್ರಾಣಿಯೋ ಅದರೊಳಗೆ ಆಗಲೇ ಇರ್ತಿತ್ತು. ಬೇಕಾದಷ್ಟೇ ಕೆತ್ತಿ ಮಿಕ್ಕಿದ್ದನ್ನು ಪ್ರಕೃತಿ ಕೊಟ್ಟ ಹಾಗೇ ಬಿಡೋರು.

ಈ ಗೊಂಬೆಗಳಿಗೆ ಅವರಿಟ್ಟ ಹೆಸರು ಕುಟುಮ್-ಕಾಟಮ್. ಬಂಗಾಳಿಯಲ್ಲಿ ಕುಟುಮ್ ಅಂದ್ರೆ ನೆಂಟರು. ನಮ್ಮ ಕುಟುಂಬ ಅನ್ನೋ ಪದದ ಬಳಗದ್ದೇ. ಮನೆಗೆ ಬಂದ ನೆಂಟರನ್ನು ಇದ್ದ ಹಾಗೇ ಒಪ್ಪಿಕೊಳ್ಳಬೇಕಲ್ಲ, ಈ ಕಟ್ಟಿಗೆ ನೆಂಟರಿಗೂ ಅದೇ ಮರ್ಯಾದೆ.

1941ರಲ್ಲಿ ಅವರಿಗೆ 70 ತುಂಬಿದ ದಿನವೇ ರವೀಂದ್ರನಾಥರು ತೀರಿಕೊಂಡರು. ಆಮೇಲೆ ಹುಟ್ಟಿ ಬೆಳೆದ ಮನೆಯೂ ಕೈಬಿಟ್ಟು ಹೋಯ್ತು. ಬರಾನಗರದ ಇನ್ನೊಂದು ಮನೆಗೆ ಸಾಗಿದರು. ವಿಶ್ವಭಾರತಿಯ ಆಚಾರ್ಯ ಸ್ಥಾನವೂ ಹೆಗಲಿಗೆ ಬಂತು. ಹಳೇ ಮನೆ, ಹಳೇ ಜನ ಇಲ್ಲದ ಆ ದಿನಗಳಲ್ಲೂ ಈ ಮರದ ನೆಂಟರ ಸಹವಾಸ ಬಿಡಲಿಲ್ಲ.

1951ರ ಡಿಸೆಂಬರ್ 5ರಂದು, 80ನೇ ವಯಸ್ಸಿನಲ್ಲಿ ಅವರು ಕಣ್ಮುಚ್ಚಿದರು. ದೊಡ್ಡ ಕಲಾವಿದರ ಕೊನೆಗಾಲದ ಕೆಲಸಕ್ಕೆ ದುಬಾರಿ ಬಣ್ಣ ಬೇಕಾಗಲಿಲ್ಲ, ಹಸಿ ಮರ ಕಡಿಯೋದೂ ಬೇಕಾಗಲಿಲ್ಲ. ಬಿದ್ದಿದ್ದನ್ನು ಒಲೆಗೆ ಹಾಕೋ ಮುಂಚೆ ಒಂದು ಸಲ ತಿರುಗಿಸಿ ನೋಡಿದ್ದೇ ಸಾಕಾಯ್ತು.