ರಾಗಕ್ಕೆ ರೂಪವಿತ್ತ ಪುಂಡರೀಕ ವಿಠಲ

ಜೋಗುಳದ ಅರ್ಥವನ್ನರಿಯದ ಹಸುಗೂಸು ಕೂಡ ಅದನ್ನು ಕೇಳಿ ಅಳು ಮರೆಯುತ್ತದೆ. ಮಾತಿನ ನೆರವಿಲ್ಲದೆ ಬರಿಯ ಸ್ವರಗಳು ಮನಸ್ಸನ್ನು ಅರಳಿಸುವುದೂ ಕಲಕುವುದೂ ಹೇಗೆ? ನಮ್ಮ ಪೂರ್ವಿಕರು ಬಹು ಹಿಂದೆಯೇ ಇದನ್ನು ಕುರಿತು ಚಿಂತಿಸಿದ್ದರು. ಯಾವ ರಸಕ್ಕೆ ಯಾವ ಸ್ವರವು ಮುಖ್ಯವೆಂಬುದನ್ನು ಭರತನ ನಾಟ್ಯಶಾಸ್ತ್ರವು ವಿವೇಚಿಸಿತು. ಹದಿನಾರನೆಯ ಶತಮಾನದಲ್ಲಿ ಈ ಪರಂಪರೆಯನ್ನು ಬೆಳಗಿದವರಲ್ಲಿ ಕನ್ನಡ ನಾಡಿನ ಪುಂಡರೀಕ ವಿಠಲನೂ ಒಬ್ಬನು.

ಶಿವಗಂಗೆಯ ಬೆಟ್ಟದ ಸಮೀಪದ ಸಾತನೂರು ಅವನ ಊರು. ದಕ್ಷಿಣದ ಸಂಗೀತಶಾಸ್ತ್ರವನ್ನು ಆಳವಾಗಿ ಅಭ್ಯಸಿಸಿದ ಆತನು ಉತ್ತರಕ್ಕೆ ಪಯಣಿಸಿ, ಖಾನದೇಶದ ಫಾರೂಕಿ ಮನೆತನದ ಬುರ್ಹಾನ್ ಖಾನನ ಆಶ್ರಯವನ್ನು ಪಡೆದನು. ಅಲ್ಲಿ ಗಾಯಕರು ಹಾಡುತ್ತಿದ್ದುದಕ್ಕೂ ಶಾಸ್ತ್ರವು ಹೇಳುತ್ತಿದ್ದುದಕ್ಕೂ ಹೊಂದಿಕೆಯಿರಲಿಲ್ಲ. ಈ ಗೊಂದಲವನ್ನು ಪರಿಹರಿಸುವ ಹೊಣೆಯು ಪುಂಡರೀಕನದಾಯಿತು. ಪರಸ್ಥಳದ ಸಂಗೀತವನ್ನು ಅಶುದ್ಧವೆಂದು ತಳ್ಳಿಹಾಕುವುದು ಸುಲಭವಾಗಿತ್ತು. ಆತನು ಹಾಗೆ ಮಾಡದೆ, ಕಿವಿಗೊಟ್ಟು ಕೇಳಿ, ರಾಗಗಳನ್ನು ವಿಂಗಡಿಸಿ 'ಸದ್ರಾಗಚಂದ್ರೋದಯ'ವನ್ನು ರಚಿಸಿದನು. ಮುಂದೆ ಅಂಬೇರಿನ ಕಛವಾಹ ಅರಸುಮನೆತನದ ಆಶ್ರಯದಲ್ಲಿ ಬರೆದ 'ರಾಗಮಂಜರಿ'ಯಲ್ಲಿ ಪಾರಸೀಕ ಮೂಲದ ರಾಗಗಳಿಗೂ ಸ್ಥಾನವಿತ್ತನು. ಅವನ 'ನರ್ತನನಿರ್ಣಯ'ವು ಅಕ್ಬರ್ ಚಕ್ರವರ್ತಿಯ ಸಂತೋಷಕ್ಕಾಗಿ ರಚಿತವಾದ ಗ್ರಂಥ.

1576ರಲ್ಲಿ ರಚಿತವಾದ 'ರಾಗಮಾಲಾ' ನಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು. ಇದರಲ್ಲಿ ಆರು ಪುರುಷರಾಗಗಳಿವೆ, ಒಂದೊಂದಕ್ಕೂ ಐವರು ಪತ್ನಿಯರು, ಐವರು ಪುತ್ರರು, ಒಟ್ಟು ಅರುವತ್ತಾರು. ಪುಂಡರೀಕನು ಸ್ವರಲಕ್ಷಣದೊಡನೆ ಪ್ರತಿಯೊಂದು ರಾಗದ ರೂಪವನ್ನೂ ವರ್ಣಿಸಿದನು. ರಾಗವೆಂದರೆ ಸ್ವರಗಳ ಲೆಕ್ಕ ಮಾತ್ರವಲ್ಲ, ಅದಕ್ಕೆ ಮನುಷ್ಯನಂತೆಯೇ ಸ್ವಭಾವವಿದೆ ಎಂಬ ತಿಳಿವಳಿಕೆ ಇದರ ಹಿಂದಿದೆ.

ಇದು ಕವಿಕಲ್ಪನೆ ಮಾತ್ರವೇ? 1999ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆನಡಾದ ಮನೋವಿಜ್ಞಾನಿಗಳು, ಹಿಂದೂಸ್ತಾನಿ ಸಂಗೀತದ ಪರಿಚಯವೇ ಇಲ್ಲದ ಮೂವತ್ತು ಮಂದಿಗೆ ರಾಗಗಳನ್ನು ಕೇಳಿಸಿದರು. ಕಲಾವಿದರು ಉದ್ದೇಶಿಸಿದ ಸಂತೋಷ, ದುಃಖ, ಕೋಪಗಳನ್ನು ಕೇಳುಗರು ಗುರುತಿಸಿದರು. ನಾದದ ವೇಗ, ಸರಳತೆ, ಜಟಿಲತೆಗಳೇ ಅವರಿಗೆ ಸುಳಿವಾದವು. ಆದರೆ ಶಾಂತಭಾವವು ಅವರಿಗೆ ಅಷ್ಟು ಸುಲಭವಾಗಿ ನಿಲುಕಲಿಲ್ಲ.

ಪುಂಡರೀಕನ ಕಲ್ಪನೆಯ ಬೆಳಕಿನಲ್ಲಿ ಇದನ್ನು ನೋಡಬಹುದು. ಅಪರಿಚಿತನ ನಗುವನ್ನೂ ಅಳುವನ್ನೂ ಯಾರಾದರೂ ಗುರುತಿಸಬಲ್ಲರು. ಅವನ ಮೌನವನ್ನರಿಯಲು ಒಡನಾಟ ಬೇಕು. ರಾಗವೂ ಹಾಗೆಯೇ. ಪರನಾಡಿನಲ್ಲಿ ಪರರ ಸಂಗೀತದೊಡನೆ ಅಂಥ ಒಡನಾಟವನ್ನು ಬೆಳೆಸಿಕೊಂಡದ್ದರಿಂದಲೇ ಸಾತನೂರಿನ ಪುಂಡರೀಕನು ದಕ್ಷಿಣೋತ್ತರಗಳೆರಡಕ್ಕೂ ಸಲ್ಲುವ ವಿದ್ವಾಂಸನಾದನು.