ಎರಡು ವರಹಗಳ ನಡುವೆ ಪೂರ್ಣಯ್ಯ

ವಿಜಯದಶಮಿಯಂದು ಮೈಸೂರಿನ ಜಂಬೂಸವಾರಿ ಹೋಗಿ ಮುಟ್ಟುವುದು ಬನ್ನಿಮಂಟಪವನ್ನು. ಬನ್ನಿಯ ಎಲೆಯನ್ನು ಬಂಗಾರವೆಂದು ಒಬ್ಬರ ಕೈಗೊಬ್ಬರು ಕೊಡುವ ಸಂಪ್ರದಾಯ ನಾಡಿನ ಹಲವೆಡೆ ಇದೆ. ಕೊಡುವವರೂ ಪಡೆಯುವವರೂ ಒಪ್ಪಿದಾಗ ಎಲೆ ಬಂಗಾರವಾಗುತ್ತದೆ. ನಾಣ್ಯದ ಬೆಲೆಯೂ ಬಹುಮಟ್ಟಿಗೆ ಇಂತಹ ಒಪ್ಪಿಗೆಯೇ. ಆದರೆ ಇಬ್ಬರಲ್ಲೊಬ್ಬರು ಗೆದ್ದವರು, ಇನ್ನೊಬ್ಬರು ಸೋತವರು ಆಗಿದ್ದರೆ ಆ ಒಪ್ಪಿಗೆಯ ಸ್ವರೂಪವೇ ಬೇರೆ. ಬನ್ನಿಮಂಟಪದಿಂದ ಬೆಂಗಳೂರು ರಸ್ತೆಯಲ್ಲಿ ಸಾಗಿದರೆ ಸಿಗುವ ಶ್ರೀರಂಗಪಟ್ಟಣದಲ್ಲಿ 1799ರಲ್ಲಿ ಅಂತಹ ಒಪ್ಪಿಗೆಯೊಂದು ನಡೆಯಿತು. ಅದರ ಭಾರವನ್ನು ಹನ್ನೆರಡು ವರ್ಷ ಹೊತ್ತವರು ದಿವಾನ್ ಪೂರ್ಣಯ್ಯ. ಈ ರಸ್ತೆಯಲ್ಲಿ ಓಡಾಡುವ ನನಗೆ ಅವರ ಹೆಸರು ಕೇಳಿದೊಡನೆ ನೆನಪಾಗುವುದು ಅವರ ರಾಜತಂತ್ರವಲ್ಲ, ಅವರ ಲೆಕ್ಕದ ಪುಸ್ತಕ.

ಪೂರ್ಣಯ್ಯ 1746ರಲ್ಲಿ ಇಂದಿನ ತಮಿಳುನಾಡಿನ ಸೀಮೆಯ ಮಾಧ್ವ ಕುಟುಂಬವೊಂದರಲ್ಲಿ ಜನಿಸಿದರು. ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು. ಶ್ರೀರಂಗಪಟ್ಟಣದ ವರ್ತಕರೊಬ್ಬರ ಮೂಲಕ ಅವರ ಬರವಣಿಗೆ ಮತ್ತು ಗಣಿತದ ಚಾತುರ್ಯ ಹೈದರಾಲಿಯ ಗಮನಕ್ಕೆ ಬಂದಿತು. ಅಲ್ಲಿಂದ ಮುಂದೆ ಹಣಕಾಸಿನ ಮುಖ್ಯಾಧಿಕಾರಿಯ ಸ್ಥಾನದವರೆಗೆ ಬೆಳೆದರು. 1782ರಲ್ಲಿ ಹೈದರ್ ದಂಡಿನಲ್ಲೇ ತೀರಿಕೊಂಡಾಗ, ಟಿಪ್ಪು ಬಂದು ಸೇರುವವರೆಗೆ ಸಾವಿನ ಸುದ್ದಿಯನ್ನು ಮುಚ್ಚಿಟ್ಟು ಸೈನ್ಯವನ್ನು ಕಾಪಾಡಿದವರಲ್ಲಿ ಅವರೂ ಒಬ್ಬರು.

ಅಂದಿನ ಮೈಸೂರಿನ ಪೇಟೆಯಲ್ಲಿ ನಾಣ್ಯಗಳಿಗೆ ಬರವಿರಲಿಲ್ಲ. ಇಕ್ಕೇರಿಯ ವರಹ, ಹೈದರನ ಬಹದ್ದೂರಿ, ಟಿಪ್ಪುವಿನ ಸುಲ್ತಾನಿ, ಮದರಾಸಿನ ಕಂಪನಿ ಟಂಕಿಸಿದ ಸ್ಟಾರ್ ಪಗೋಡ ಅಂದರೆ ನಕ್ಷತ್ರ ವರಹ, ಎಲ್ಲವೂ ಚಿನಿವಾರರ ಕೈಯಲ್ಲಿ ವಟ್ಟ ಕಳೆದು ಬದಲಾಗುತ್ತಿದ್ದವು. ಇವೆಲ್ಲದರ ನಡುವೆ ಮೈಸೂರಿನ ಸ್ವಂತ ಲೆಕ್ಕದ ಮಾನವೆಂದರೆ ಕಂಠೀರಾಯಿ. ಹದಿನೇಳನೆಯ ಶತಮಾನದಲ್ಲಿ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಸಾಲೆ ಸ್ಥಾಪಿಸಿ ಹೊರಡಿಸಿದ ಪುಟ್ಟ ಚಿನ್ನದ ಹಣ ಅದು. ಅಂತಹ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ.

1792ರ ಸೋಲು ಪೂರ್ಣಯ್ಯನವರಿಗೆ ಮೊದಲ ಪಾಠವಾಗಿರಬೇಕು. ಟಿಪ್ಪು ಅರ್ಧ ರಾಜ್ಯವನ್ನು ಬಿಟ್ಟುಕೊಟ್ಟು, 3 ಕೋಟಿ 30 ಲಕ್ಷ ರೂಪಾಯಿ ದಂಡ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. 1799ರ ಮೇ 4ರಂದು ಟಿಪ್ಪು ಮಡಿದ ಮೇಲೆ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ ಕಂಪನಿ ಪೂರ್ಣಯ್ಯನವರನ್ನು ದಿವಾನರನ್ನಾಗಿ ಮುಂದುವರಿಸಿತು. ಜುಲೈನಲ್ಲಿ ಸಹಾಯಕ ಸೈನ್ಯದ ಒಪ್ಪಂದವಾಯಿತು.

ಈ ಒಪ್ಪಂದಗಳಲ್ಲಿ ನಮ್ಮ ಗಮನಕ್ಕೆ ಸುಲಭವಾಗಿ ಬೀಳದ ಒಂದು ಸಂಗತಿಯಿದೆ. ಹೊಸ ಮೈಸೂರಿನ ಆದಾಯವನ್ನು ಅಳೆದದ್ದು ಕಂಠೀರಾಯಿ ವರಹದಲ್ಲಿ: ಸುಮಾರು 13.74 ಲಕ್ಷ. ಕಂಪನಿಗೆ ತೆರಬೇಕಾದ ವಾರ್ಷಿಕ ಪೊಗದಿಯನ್ನು ಬರೆದದ್ದು ನಕ್ಷತ್ರ ವರಹದಲ್ಲಿ: 7 ಲಕ್ಷ. ಎರಡೂ ವರಹಗಳೇ. ಆದರೆ ಸರ್ಕಾರಿ ಲೆಕ್ಕಗಳಲ್ಲಿ ನೆಲೆಗೊಂಡ ದರದಂತೆ ಕಂಠೀರಾಯಿ ಹಣವೊಂದಕ್ಕೆ 4 ಆಣೆ 8 ಪೈ, ನಕ್ಷತ್ರ ವರಹಕ್ಕೆ ಮೂರೂವರೆ ರೂಪಾಯಿ. ಎಂದರೆ ಒಂದು ನಕ್ಷತ್ರ ವರಹಕ್ಕೆ ಹತ್ತಲ್ಲ, ಹನ್ನೆರಡು ಕಂಠೀರಾಯಿ ಹಣ ಬೇಕು. ಆ ದರದಲ್ಲಿ 7 ಲಕ್ಷವೆಂಬುದು ಮೈಸೂರಿನ ಲೆಕ್ಕದಲ್ಲಿ 8.40 ಲಕ್ಷವಾಗುತ್ತದೆ. ಆದಾಯದ ಅರ್ಧದಷ್ಟು ಎಂದು ಕಾಣುವ ಪೊಗದಿ, ನಾಣ್ಯ ಬದಲಾಯಿಸಿದೊಡನೆ ಶೇಕಡ 61 ಆಗಿಬಿಡುತ್ತದೆ. ತಿಂಗಳ ಕಂತಿನಲ್ಲಿ ಹೇಳುವುದಾದರೆ 58,333 ನಕ್ಷತ್ರ ವರಹ. ರೈತರಿಂದ ಎತ್ತಬೇಕಾದದ್ದು 70 ಸಾವಿರ ಕಂಠೀರಾಯಿ ವರಹ.

ಅಂಗಡಿಯ ಗದ್ದಿಗೆಯಲ್ಲಿ ಲೆಕ್ಕ ಕಲಿತ ಪೂರ್ಣಯ್ಯನವರಿಗೆ ಇದರ ಅರ್ಥ ಯಾರೂ ವಿವರಿಸಬೇಕಾಗಿರಲಿಲ್ಲ. ಕಂಠೀರಾಯಿ ಹಣವನ್ನು ಅವರು ಮತ್ತೆ ಟಂಕಿಸಿದರು. ಹಳೆಯ ಅಗಲ ಕಂಠೀರಾಯಿಯಿಂದ ಪ್ರತ್ಯೇಕಿಸಲು ಜನ ಅದನ್ನು ಗಿಡ್ಡ ಕಂಠೀರಾಯಿ ಎಂದು ಕರೆದರು. ಪೂರ್ಣಯ್ಯ ಕಂದಾಯದ ಆಡಳಿತವನ್ನು ಬಿಗಿಗೊಳಿಸಿದರು, ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದರು, 1804ರ ವೇಳೆಗೆ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿದರು. 1807ರಲ್ಲಿ ಯಳಂದೂರು ಜಹಗೀರು ಅವರಿಗೆ ದೊರೆಯಿತು. 1811ರಲ್ಲಿ ಅಧಿಕಾರ ಬಿಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಮಿಕ್ಕ ಹಣವಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಮರುವರ್ಷವೇ ಅವರು ತೀರಿಕೊಂಡರು.

ಈ ಸಂಗ್ರಹವನ್ನು ಕೆಲವರು ದಕ್ಷತೆಯೆಂದು ಹೊಗಳಿದರೆ, ಕೆಲವರು ರೈತನನ್ನು ಹಿಂಡಿದ ಜಿಪುಣತನವೆಂದು ತೆಗಳಿದ್ದಾರೆ. ಎರಡರಲ್ಲೂ ನಿಜದ ಅಂಶವಿದೆ. ನನಗೆ ಕಾಣುವುದು ಮೂರನೆಯ ಕಾರಣ. ತನ್ನ ಟಂಕಸಾಲೆಯಲ್ಲಿ ಹುಟ್ಟದ ನಾಣ್ಯದಲ್ಲಿ ಸಾಲ ಹೊತ್ತ ರಾಜ್ಯಕ್ಕೆ ಕೂಡಿಡುವುದು ಹವ್ಯಾಸವಲ್ಲ, ಅನಿವಾರ್ಯ. ಮಳೆ ಕೈಕೊಟ್ಟರೂ, ವಟ್ಟ ಏರಿದರೂ ಕಂತು ತಪ್ಪುವಂತಿಲ್ಲ. ಇಂದು ನಾವು ವಿದೇಶಿ ವಿನಿಮಯ ಮೀಸಲು ಎನ್ನುವುದಕ್ಕೆ ಪೂರ್ಣಯ್ಯನವರ ಬೊಕ್ಕಸ ಹತ್ತಿರದ ಸಂಬಂಧಿ. ಆದರೆ ಆ ಮೀಸಲಿಗಾಗಿ ಬೆವರು ಸುರಿಸಿದವನು ಹಳ್ಳಿಯ ಒಕ್ಕಲಿಗನೆಂಬುದನ್ನೂ ಮರೆಯಲಾಗದು.

ಮುಂದಿನ ಕಥೆ ತಿಳಿದದ್ದೇ. ಬೊಕ್ಕಸ ಕರಗಿತು. ನಗರದ ರೈತರು ದಂಗೆಯೆದ್ದರು. 1831ರಲ್ಲಿ ಕಂಪನಿ ಆಡಳಿತವನ್ನು ಕಸಿದುಕೊಂಡಾಗ ಮುಂದಿಟ್ಟ ಕಾರಣಗಳಲ್ಲಿ ಪೊಗದಿ ನಿಲ್ಲುವ ಭೀತಿಯೂ ಒಂದು. ಟಂಕಸಾಲೆ ಬೆಂಗಳೂರಿಗೆ ಹೋಗಿ, 1843ರಲ್ಲಿ ಮುಚ್ಚಿತು. ಅಷ್ಟರಲ್ಲಿ ಮದರಾಸು ಸರ್ಕಾರವೂ 1818ರಲ್ಲಿ ನೂರು ವರಹಕ್ಕೆ 350 ರೂಪಾಯಿ ಎಂದು ಗೊತ್ತುಮಾಡಿ ವರಹವನ್ನು ಕೈಬಿಟ್ಟಿತ್ತು. ವರಹಗಳೆರಡೂ ಅಳಿದರೂ ಪೊಗದಿ ಅಳಿಯಲಿಲ್ಲ. ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಯ ವೇಷ ಧರಿಸಿ ಉಳಿಯಿತು.

1991ರಲ್ಲಿ ಭಾರತ ಸುಮಾರು 47 ಟನ್ ಚಿನ್ನವನ್ನು ಹೊರದೇಶದಲ್ಲಿ ಅಡವಿಟ್ಟಿತು. 2022ರಲ್ಲಿ ಶ್ರೀಲಂಕಾ ಡಾಲರ್ ಸಾಲ ತೀರಿಸಲಾರದೆ ಕೈಚೆಲ್ಲಿತು. ನೇಪಾಳ 1993ರಿಂದ ತನ್ನ 1.60 ರೂಪಾಯಿಯನ್ನು ನಮ್ಮ ಒಂದು ರೂಪಾಯಿಗೆ ಕಟ್ಟಿಹಾಕಿ ಸ್ಥಿರತೆಯನ್ನು ಅರಸಿದೆ. ಗಳಿಸುವುದು ಒಂದು ನಾಣ್ಯದಲ್ಲಿ, ತೀರಿಸುವುದು ಇನ್ನೊಂದರಲ್ಲಿ ಎಂಬ ಸ್ಥಿತಿ ಬಡ ದೇಶಗಳನ್ನು ಇಂದಿಗೂ ಬಿಟ್ಟಿಲ್ಲ. ರಾಜ್ಯಗಳೂ ದೇಶಗಳೂ ಹೊರಗಿನ ಸಾಲಕ್ಕೆ ಸಹಿ ಹಾಕುವಾಗ ನಾವು ಮೊತ್ತ ಎಷ್ಟೆಂದು ಕೇಳುತ್ತೇವೆ, ಬಡ್ಡಿ ಎಷ್ಟೆಂದು ಕೇಳುತ್ತೇವೆ. ಅದು ಯಾರ ವರಹದಲ್ಲಿ ಎಂದು ಕೇಳುವುದನ್ನು ಪೂರ್ಣಯ್ಯನವರ ಲೆಕ್ಕದ ಪುಸ್ತಕದಿಂದ ಕಲಿಯಬೇಕು.